ಐದೂವರೆಯ ವರದಿ

ಹನ್ನೆರಡನೇ ತಾರೀಖು ಸೋಮವಾರ ಬೆಳಿಗ್ಗೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಟೈಲರಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದರು. ಅದಕ್ಕೆ ಇಪ್ಪತ್ತೆರಡು ನಿಮಿಷ ಮೊದಲು ಊಟದ ಮೇಜಿನ ಮುಂದೆ ನಿಂತು ಗಂಡನಿಗೆ "ಎಲ್ಲ ಸರಿ" ಎಂದು ವರದಿ ಕೊಟ್ಟಿದ್ದರು. ಗಂಡ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು.

ಗಂಡ ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾದವರು. ಕೊನೆಯ ಹದಿನಾಲ್ಕು ವರ್ಷ ಹೊಸದಾಗಿ ಸೇರಿದವರಿಗೆ ಕವಾಯತು ಕಲಿಸಿದ್ದರು. ಅದಕ್ಕೇ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವರು ಕವಾಯತು ಸಾಹೇಬರು. ನಿವೃತ್ತರಾಗಿ ಮನೆಗೆ ಬಂದ ಮರುವಾರದಿಂದ, ಅಂದರೆ ಏಳು ವರ್ಷಗಳಿಂದ, ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ವರದಿ ನಡೆಯುತ್ತಿತ್ತು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಮಗ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಸೊಸೆ, ಮಾರುಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಡತಿ, ಮೂವರೂ ಮೇಜಿನ ಸುತ್ತ ನಿಂತು ಒಬ್ಬೊಬ್ಬರಾಗಿ ಹೇಳಬೇಕು. ಸರಿಯಿಲ್ಲದ್ದು ಇದ್ದರೂ ಹೇಳಬಹುದಿತ್ತು. ಮಗ ಒಮ್ಮೆ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಹೇಳಿದ್ದ. ಯಾವಾಗಿನಿಂದ, ಕೊನೆಗೆ ತಿರುಗಿಸಿದ್ದು ಯಾರು, ನಿನ್ನೆಯೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಸ್ಸು ತಪ್ಪಿಸಿಕೊಂಡ. ಆಮೇಲೆ ಆ ಮನೆಯಲ್ಲಿ ನಲ್ಲಿ ಸೋರಿದರೂ ಎಲ್ಲ ಸರಿಯಾಗಿಯೇ ಇರುತ್ತಿತ್ತು.

"ಏನಾಯ್ತು?" ಬಚ್ಚಲ ಬಾಗಿಲಿಗೆ ಬಂದ ಸಾಹೇಬರು ಕೇಳಿದರು.

"ಕಾಲು ಜಾರ್ತು."

"ನೋಡ್ಕೊಂಡು ನಡೀಬಾರ್ದಾ?"

"ನೋಡ್ಕೊಂಡೇ ಬಿದ್ದೆ ರೀ. ಮೊದ್ಲು ಎಬ್ಬಿಸಿ."

ಎಬ್ಬಿಸಿದ್ದು ಸೊಸೆ. ಬರಿಗಾಲಲ್ಲಿ ಓಡಿ ಬಂದಿದ್ದ ಅವಳಿಗೆ ನೆಲ ಒಣಗಿರುವುದು ಗೊತ್ತಾಯಿತು. ಅಷ್ಟು ಹೊತ್ತಿಗೆ ಯಾರ ಸ್ನಾನವೂ ಆಗಿರಲಿಲ್ಲ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣಲ್ಲೇ ಬೇಡ ಎಂದರು.

ಎಡಗೈಯ ಮಣಿಕಟ್ಟು ಉಳುಕಿತ್ತು, ಮೂಳೆ ಮುರಿದಿರಲಿಲ್ಲ. ಹೇಗಾಯಿತು ಎಂದು ಕೇಳಿದ ಕಂಪೌಂಡರಿಗೂ ಟೈಲರಮ್ಮ ಕಾಲು ಜಾರಿದ ಕಥೆಯನ್ನೇ ಹೇಳಿದರು. ಅವರು ಪಟ್ಟಿ ಸುತ್ತಿ ಕಳುಹಿಸಿದರು. ಸಂಜೆಯೊಳಗೆ ಬಚ್ಚಲಿಗೆ ರಬ್ಬರ್ ಚಾಪೆ ಬಂತು. ಬಾಗಿಲಿಗೆ ವೇಳಾಪಟ್ಟಿಯೂ ಬಂತು, ತಲೆಗೆ ಎಂಟು ನಿಮಿಷದಂತೆ.

"ಎಂಟು ನಿಮಿಷದಲ್ಲಿ ನಾನು ಸೋಪು ಹುಡುಕೋದೇ ಆಗುತ್ತೆ" ಎಂದು ಮಗ ಹೆಂಡತಿಯ ಕಿವಿಯಲ್ಲಿ ಹೇಳಿದ. ಅಪ್ಪನ ಮುಂದೆ "ಒಳ್ಳೇದಾಯ್ತು" ಎಂದ.

ಗುರುವಾರ ಮಗಳು ನಾಲ್ಕು ವಾರದ ರಜೆಯ ಮೇಲೆ ಬಂದಳು. ಅವಳು ವಾಯುಪಡೆಯಲ್ಲಿ, ಹ್ಯಾಂಗರ್ ಎನ್ನುವ ವಿಮಾನದ ಶೆಡ್ಡಿನಲ್ಲಿ, ಇಂಜಿನ್ ರಿಪೇರಿ ಮಾಡುವವಳು. ಸಾಹೇಬರು ಬಸ್ ನಿಲ್ದಾಣಕ್ಕೆ ಬೂಟು ಪಾಲಿಷ್ ಮಾಡಿಕೊಂಡು ಹೋಗಿ, ಅವಳ ಚೀಲವನ್ನು ತಾವೇ ಹೊತ್ತುಕೊಂಡು ಬಂದರು. ದಾರಿಯಲ್ಲಿ ಸಿಕ್ಕವರಿಗೆಲ್ಲ "ನನ್ನ ದಳ ಬಂತು" ಎಂದರು.

ಅವರಿಗೆ ಅವಳಿಂದ ಒಂದು ಕೆಲಸವೂ ಆಗಬೇಕಿತ್ತು. ನಿವೃತ್ತ ಸೈನಿಕರ ಸಂಘದವರು ಮುಂದಿನ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಮಾತಾಡಿ ಎಂದು ಅವರನ್ನು ಕೇಳಿದ್ದರು. ವಿಷಯ: ಸೈನಿಕ ಸಂಸ್ಕೃತಿ ಎಂದರೇನು. ಸಾಹೇಬರು ನಾಲ್ಕು ದಿನದಿಂದ ನಿಘಂಟು ಮುಂದಿಟ್ಟುಕೊಂಡು ಬರೆಯುತ್ತಿದ್ದರು. ರಾತ್ರಿಯ ಊಟಕ್ಕೆ ಬ್ರೆಡ್ಡು, ಹುರುಳಿಕಾಯಿ, ಬೇಯಿಸಿದ ಮೊಟ್ಟೆ ಇತ್ತು. ಅವರು ಮೊಟ್ಟೆ ಬದಿಗಿಟ್ಟು ಮೊದಲ ವಾಕ್ಯ ಓದಿದರು.

"ಸೈನಿಕ ಸಂಸ್ಕೃತಿ ಎಂದರೆ ಆಜ್ಞೆ ಮತ್ತು ಅದರ ಪಾಲನೆ."

"ಮಾವ, ಇದನ್ನ ನಮ್ಮ ಪೋಸ್ಟ್ ಮಾಸ್ಟ್ರೂ ಹೇಳ್ತಾರೆ" ಎಂದಳು ಸೊಸೆ.

"ನಿಮ್ಮ ಪೋಸ್ಟ್ ಮಾಸ್ಟ್ರು ಯಾವ ಯುದ್ಧ ಮಾಡಿದಾರೆ?"

"ಪಿಂಚಣಿ ದಿನ ಬಂದು ನೋಡಿ."

ಟೈಲರಮ್ಮ ನಕ್ಕರು. ಸಾಹೇಬರು ಮಗಳ ಕಡೆ ತಿರುಗಿದರು. "ನೀನು ಹೇಳಮ್ಮ. ಇವರಿಗೆ ಏನು ಗೊತ್ತು."

ಮಗಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಲೇ ಹೇಳಿದಳು. "ನಮ್ಮ ಹ್ಯಾಂಗರಲ್ಲಿ ಹೋದ ವರ್ಷ ಒಬ್ಬನ ಸ್ಪ್ಯಾನರ್ ಕಳೀತು ಅಪ್ಪ. ಇಷ್ಟುದ್ದದ್ದು. ವಿಮಾನ ಇನ್ನೇನು ಹೊರಡ್ಬೇಕು. ಅವನೇ ಹೋಗಿ ಹೇಳ್ದ, ನನ್ನ ಸ್ಪ್ಯಾನರ್ ಲೆಕ್ಕಕ್ಕೆ ಸಿಗ್ತಿಲ್ಲ ಅಂತ. ಮೂರು ವಿಮಾನ ನಿಲ್ಲಿಸಿ ಐದು ಗಂಟೆ ಹುಡುಕಿದ್ವಿ. ಇಂಜಿನ್ ಒಳಗೇ ಸಿಕ್ತು."

"ಎಷ್ಟು ದಿನ ಶಿಕ್ಷೆ ಕೊಟ್ರು?"

"ಕಮಾಂಡರ್ ಎಲ್ಲರ ಮುಂದೆ ಅವನ ಕೈ ಕುಲುಕಿದ್ರು."

ಸಾಹೇಬರು ಮೊಟ್ಟೆಯನ್ನು ಮತ್ತೆ ತಟ್ಟೆಯ ನಡುವೆ ಎಳೆದುಕೊಂಡರು. "ನನ್ನ ಮೈದಾನದಲ್ಲಿ ಅಂಗಿ ಗುಂಡಿ ಒಂದು ಕಳೆದ್ರೆ ಹತ್ತು ಸುತ್ತು ಓಟ. ಅದಕ್ಕೇ ಹದಿನಾಲ್ಕು ವರ್ಷದಲ್ಲಿ ಯಾರೂ ಗುಂಡಿ ಕಳೀಲಿಲ್ಲ."

"ಕಳೀತಿದ್ರು ಅಪ್ಪ. ಹೇಳ್ತಿರಲಿಲ್ಲ ಅಷ್ಟೆ. ಪಕ್ಕದವನ ಅಂಗಿಯಿಂದ ಕಿತ್ಕೊಳ್ತಿದ್ರು."

ಮಗ ಕೆಮ್ಮಿದ. ಸಾಹೇಬರು ಊಟ ಮುಗಿಸಿ ತಟ್ಟೆಯನ್ನು ತಾವೇ ತೊಳೆದಿಟ್ಟರು. ಸಿಟ್ಟು ಬಂದಾಗ ಅವರು ತಟ್ಟೆ ಎರಡು ಸಲ ತೊಳೆಯುತ್ತಾರೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅಂದು ಮೂರು ಸಲ ತೊಳೆದರು.

ಮರುದಿನ ಬೆಳಿಗ್ಗೆ ಐದೂವರೆಗೆ ಮಗಳೂ ಮೇಜಿನ ಬಳಿ ನಿಂತಳು. ಎಲ್ಲ ಸರಿ ಎಂದು ಮೂವರು ಹೇಳಿದ ಮೇಲೆ ಅವಳ ಸರದಿ ಬಂತು. "ನನಗೆ ನಿದ್ದೆ ಸಾಲಿಲ್ಲ, ಅಮ್ಮನ ಮುಖ ಬಿಳಿಚಿಕೊಂಡಿದೆ" ಎಂದಳು.

"ನಿನ್ನದು ಮಾತ್ರ ಹೇಳು" ಎಂದರು ಸಾಹೇಬರು.

ಟೈಲರಮ್ಮನ ಅಂಗಡಿ ಮಾರುಕಟ್ಟೆಯ ಎರಡನೇ ಸಾಲಿನಲ್ಲಿತ್ತು. ಅರ್ಧ ಶಟರಿನಷ್ಟು ಅಗಲ, ಒಂದು ಮಷಿನ್, ಒಂದು ಇಸ್ತ್ರಿ ಮೇಜು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ದಪ್ಪಗಾದವರ ರವಿಕೆಯ ಹೊಲಿಗೆ ಬಿಡಿಸಿ ಸಡಿಲ ಮಾಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತಿದ್ದರು. ಉಳುಕಿದ ಕೈಯಲ್ಲೇ ಮೂರನೇ ದಿನಕ್ಕೆ ಶಟರು ಎತ್ತಿದ್ದರು. ಎತ್ತಿದ್ದು ಪಕ್ಕದ ಬೀಗದ ಅಂಗಡಿಯವನು, ಕೂತದ್ದು ಇವರು.

ಇಪ್ಪತ್ತನೇ ತಾರೀಖು ಮಂಗಳವಾರ ಬೆಳಿಗ್ಗೆ ಏಳೂಕಾಲಕ್ಕೆ ಮನೆಯಲ್ಲಿ ಸೀದ ವಾಸನೆ ಬಂತು. ಮಗಳು ಅಡುಗೆಮನೆಗೆ ಹೋದಾಗ ಒಲೆಯ ಮೇಲೆ ಹುರುಳಿಕಾಯಿ ಕರಕಲಾಗಿತ್ತು. ಅಮ್ಮ ನೆಲದ ಮೇಲೆ ಕೂತು ಕಪಾಟಿಗೆ ತಲೆ ಆನಿಸಿದ್ದರು.

"ಸುಮ್ನೆ ಕೂತೆ ಕಣೇ."

"ಒಲೆ ಹೊತ್ತಿಸಿಟ್ಟು ಸುಮ್ನೆ ಯಾರು ಕೂರ್ತಾರಮ್ಮ?"

"ನಿಮ್ಮಪ್ಪಂಗೆ ಹೇಳ್ಬೇಡ."

ಹೇಳುವ ಅಗತ್ಯವೇ ಬರಲಿಲ್ಲ. ವಾಸನೆಯ ಹಿಂದೆಯೇ ಸಾಹೇಬರು ಬಂದಿದ್ದರು. ಅವರು ಒಲೆ ಆರಿಸಿ, ಪಾತ್ರೆಯನ್ನು ಸಿಂಕಿಗೆ ಹಾಕಿ, ಹೆಂಡತಿಯನ್ನು ಕುರ್ಚಿಯ ಮೇಲೆ ಕೂರಿಸಿ, ಆ ಬಳಿಕ ಆಜ್ಞೆ ಹೊರಡಿಸಿದರು. ವಯಸ್ಸಾಯಿತು, ತಲೆ ನಿಲ್ಲುತ್ತಿಲ್ಲ, ಈ ತಿಂಗಳ ಕೊನೆಗೆ ಅಂಗಡಿ ಬಂದ್, ಮಷಿನ್ ಮಾರುವುದು, ಒಲೆಯ ಹತ್ತಿರ ಒಬ್ಬರೇ ಹೋಗಕೂಡದು.

"ನನ್ನ ಹತ್ರ ಹನ್ನೊಂದು ಜನರ ಬಟ್ಟೆ ಇದೆ" ಎಂದರು ಟೈಲರಮ್ಮ.

"ಬೇರೆ ಟೈಲರ್ ಇದಾರೆ."

"ಬೇರೆ ಹೆಂಡ್ತೀರೂ ಇದಾರೆ, ನೋಡ್ಕೊಳ್ಳಿ ಹಾಗಾದ್ರೆ."

ಮೂರು ದಿನ ಗಂಡ ಹೆಂಡತಿ ಮಾತು ಬಿಟ್ಟರು. ಬೆಳಗಿನ ವರದಿ ಮಾತ್ರ ನಡೆಯಿತು. ಟೈಲರಮ್ಮ ಎಲ್ಲ ಸರಿ ಎನ್ನುವರು, ಸಾಹೇಬರು ಬರೆದುಕೊಳ್ಳುವರು. ಶುಕ್ರವಾರ ಬೀಗದ ಅಂಗಡಿಯವನು ಒಬ್ಬ ಗಿರಾಕಿಯನ್ನು ಕರೆತಂದು ಮಷಿನ್ ತೋರಿಸಿದ. ಸಾಹೇಬರೇ ಅವನಿಗೆ ಹೇಳಿದ್ದರು. ಅಂದು ಮಧ್ಯಾಹ್ನ ಟೈಲರಮ್ಮ ಊಟದ ಡಬ್ಬಿ ತೆರೆಯದೆ ಮನೆಗೆ ತಂದರು.

ಭಾನುವಾರ ಸಂಜೆ ನಾಲ್ಕು ಗಂಟೆಗೆ ಮಗಳು ಎಲ್ಲರಿಗೂ ಚಹಾ ಕೊಟ್ಟು, ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯೊಂದನ್ನು ಮಗುಚಿ ಮೇಜಿನ ಮೇಲೆ ಹಾಸಿದಳು.

"ವಿಚಾರಣೆಯಾ?" ಎಂದರು ಸಾಹೇಬರು.

"ಹ್ಯಾಂಗರಲ್ಲಿ ಮಾಡೋ ಥರ. ಏನು ನೋಡಿದ್ವಿ, ಎಷ್ಟು ಗಂಟೆಗೆ. ಅಷ್ಟೆ. ತಮ್ಮ ತಪ್ಪನ್ನ ತಾವೇ ಹೇಳಿದವರಿಗೆ ಯಾರೂ ಬೈಯೋ ಹಾಗಿಲ್ಲ. ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ಕೇಳೋ ಹಾಗಿಲ್ಲ."

"ಇದು ಸೈನ್ಯ ಅಲ್ಲ, ಮಹಿಳಾ ಮಂಡಳಿ."

"ನಾನು ಸಹಿ ಹಾಕಿದ ವಿಮಾನದಲ್ಲಿ ಜನ ಕೂತು ಹಾರ್ತಾರೆ ಅಪ್ಪ. ಈ ಮಂಡಳಿ ಇಲ್ದಿದ್ರೆ ನಾನು ಸಹಿ ಹಾಕಲ್ಲ."

ಸಾಹೇಬರು ಕೂತರು.

ಮೊದಲು ಸೊಸೆ ಹೇಳಿದಳು. ಅತ್ತೆ ಬಿದ್ದ ದಿನ ನೆಲ ಒಣಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಬೆಳಿಗ್ಗೆ ಎಂಟಕ್ಕೆ, ಇಬ್ಬರೂ ಕೆಲಸಕ್ಕೆ ಹೊರಟಾಗ, ಅತ್ತೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಯಾರಿಗೂ ಹೇಳಬೇಡ ಎಂದಿದ್ದರು. ಮಗಳು ಬರೆದುಕೊಂಡಳು. ಸಾಹೇಬರ ಬಾಯಿ ತೆರೆಯಿತು. ಮಗಳು ಪೆನ್ನು ಎತ್ತಿ ತೋರಿಸಿದಳು. ಬಾಯಿ ಮುಚ್ಚಿತು.

ಮಗ ಎರಡು ಸಲ ಅಮ್ಮ ಗೋಡೆ ಹಿಡಿದು ನಡೆಯುವುದನ್ನು ನೋಡಿದ್ದ. ಎರಡು ಸಲವೂ ಬೆಳಿಗ್ಗೆ ಏಳರ ಒಳಗೆ. "ಮತ್ತೆ, ಅಪ್ಪನ ಷೇವಿಂಗ್ ಕನ್ನಡಿ ಒಡೆದದ್ದು ನಾನೇ" ಎಂದ.

"ನೀನಾ? ಬೆಕ್ಕು ಅಂದಿದ್ದೆಯಲ್ಲೋ!"

"ಅಪ್ಪ, ನಿಯಮ" ಎಂದಳು ಮಗಳು. "ಅಣ್ಣ, ಅದು ಈ ಪಟ್ಟಿಗೆ ಬೇಡ."

"ಅವಕಾಶ ಸಿಕ್ತಲ್ಲ ಅಂತ ಹೇಳ್ದೆ."

ಎಲ್ಲರೂ ಟೈಲರಮ್ಮನ ಕಡೆ ನೋಡಿದರು. ಅವರು ಲೋಟ ಕೆಳಗಿಟ್ಟು, ಗಿರಾಕಿಯ ಅಳತೆ ಹೇಳುವಷ್ಟೇ ಸಲೀಸಾಗಿ ಹೇಳತೊಡಗಿದರು. ಒಟ್ಟು ಒಂಬತ್ತು ಸಲ ಕಣ್ಣು ಕತ್ತಲೆ ಬಂದಿದೆ. ಯಾವಾಗಲೂ ಎದ್ದು ನಿಂತಾಗ. ಎಲ್ಲ ಬೆಳಿಗ್ಗೆ, ಐದೂವರೆಯಿಂದ ಎಂಟೂವರೆಯೊಳಗೆ. ಸಂಜೆ ಒಮ್ಮೆಯೂ ಇಲ್ಲ. ಮೊದಲ ಸಲ ಆದದ್ದು ನಾಲ್ಕನೇ ತಾರೀಖು.

ಮಗಳು ತಾರೀಖುಗಳನ್ನು ಒಂದರ ಕೆಳಗೊಂದು ಬರೆದಳು. "ನಾಲ್ಕಕ್ಕೆ ಮೊದ್ಲು ಒಂದೂ ಇಲ್ವಾ?"

"ಇಲ್ಲ. ನೆಟ್ಟಗಿದ್ದೆ."

"ಇಂಜಿನ್ ಕೆಟ್ರೆ ನಾವು ಮೊದ್ಲು ಕೇಳೋದು, ಕೊನೇ ಸಲ ಏನು ಬದಲಾಯಿಸಿದ್ವಿ ಅಂತ. ಮೂರನೇ ತಾರೀಖು ಏನು ಬದಲಾಯ್ತು?"

ಸೊಸೆ ಚಹಾದ ಲೋಟ ತಿರುಗಿಸಿದಳು. ಮಗ ಛಾವಣಿ ನೋಡಿದ. ಸಾಹೇಬರು ಎದ್ದು ಒಳಗೆ ಹೋದರು. ಸಿಟ್ಟು ಬಂದು ಹೋದರು ಎಂದುಕೊಂಡು ಮಗಳು ಪೆನ್ನಿನ ಮುಚ್ಚಳ ಹಾಕಿದಳು.

ಅವರು ಮಾತ್ರೆಗಳ ಟ್ರೇ ಹಿಡಿದುಕೊಂಡು ಬಂದರು. ಏಳು ದಿನಕ್ಕೆ ಏಳು ಸಾಲು, ಸಾಲಿಗೆ ಮೂರು ಖಾನೆ, ಎಲ್ಲದರ ಮೇಲೂ ಅವರದೇ ಮುತ್ತಿನಂಥ ಅಕ್ಷರ. ಹೆಂಡತಿಯ ಔಷಧಿಯ ಜವಾಬ್ದಾರಿ ಎರಡು ವರ್ಷದಿಂದ ಅವರದು. ಪ್ರತಿ ಶನಿವಾರ ಮಾತ್ರೆ ಬಿಡಿಸಿ ತುಂಬುವುದು, ಖಾಲಿ ಪಟ್ಟಿಗಳನ್ನು ಎಸೆಯುವುದು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅವರು ಹೇಳದಿದ್ದರೆ ಅಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಟ್ರೇ ಮೇಜಿನ ಮೇಲಿಟ್ಟು, ಕೂರದೆ, ನಿಂತೇ ಮಾತಾಡಿದರು.

"ಮೂರನೇ ತಾರೀಖು ಡಾಕ್ಟರು ರಕ್ತದೊತ್ತಡಕ್ಕೆ ಹೊಸ ಮಾತ್ರೆ ಬರಕೊಟ್ರು. ಹಳೇದು ನಿಲ್ಲಿಸಿ ಅಂತ ಚೀಟೀಲಿ ಇರಲಿಲ್ಲ. ಬರೆದು ರದ್ದು ಮಾಡೋವರೆಗೆ ಹಳೇ ಆದೇಶ ಜಾರೀಲಿರುತ್ತೆ. ಇಪ್ಪತ್ತಾರು ವರ್ಷ ಹಾಗೇ ನಡ್ಕೊಂಡೆ. ಎರಡನ್ನೂ ತುಂಬಿದೆ. ಇವತ್ತಿಗೆ ಇಪ್ಪತ್ತೆರಡು ಬೆಳಿಗ್ಗೆ."

ಮಗಳು ಬರೆಯುತ್ತಿದ್ದಳು.

"ಇಷ್ಟೇ ಅಲ್ಲ" ಎಂದರು. "ಅವತ್ತು ಇವಳು ಹೇಳಿದ್ಲು, ಹಳೇದು ಬೇಡ ಅಂದ ಹಾಗಿತ್ತು ಡಾಕ್ಟರು ಅಂತ. ಎಲ್ಲಿ ಬರೆದಿದೆ, ತೋರ್ಸು ಅಂದೆ. ಇವಳು ಬಾಯಿ ಮುಚ್ಕೊಂಡ್ಲು. ಅದನ್ನೂ ಬರಕೋ. ಅಂಗಡಿ ಮುಚ್ಚು ಅಂದದ್ದನ್ನೂ ಬರಕೋ."

ಯಾರೂ ಬೈಯಲಿಲ್ಲ. ನಿಯಮವಿತ್ತು ಎಂದಲ್ಲ, ಬೈಯಲು ಯಾರಿಗೂ ತೋಚಲಿಲ್ಲ. ಕೊನೆಗೆ ಟೈಲರಮ್ಮನೇ ಬಾಯಿ ಬಿಟ್ಟರು.

"ಇಪ್ಪತ್ತೆರಡು ದಿನ ಇವರು ಕೊಟ್ಟದ್ದನ್ನೆಲ್ಲ ನುಂಗಿದೆ. ಮದುವೆ ಆದಾಗಿಂದ ಅದೇ ಅಭ್ಯಾಸ ನೋಡು."

ಮಗ ಮೊದಲು ನಕ್ಕ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಾಹೇಬರು ನಗಲಿಲ್ಲ, ಆದರೆ ಕೂತರು.

"ಮಷಿನ್?" ಎಂದು ಕೇಳಿದರು ಟೈಲರಮ್ಮ.

"ರದ್ದು."

"ಬರೆದುಕೊಡಿ."

ಸಾಹೇಬರು ಮಗಳ ಕೈಯಿಂದ ಪೆನ್ನು ತೆಗೆದುಕೊಂಡು ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಟೈಲರಮ್ಮ ಆ ಮೂಲೆಯನ್ನು ಅಳತೆಗೆ ಹರಿದು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು.

ಸೋಮವಾರ ಚಿಕಿತ್ಸಾಲಯ ತೆರೆಯುವ ಮೊದಲೇ, ಕೆಲಸಕ್ಕೆ ಹೋದ ಮಗನನ್ನು ಬಿಟ್ಟು, ಉಳಿದ ನಾಲ್ವರು ಬಾಗಿಲಲ್ಲಿದ್ದರು. ಡಾಕ್ಟರಿಗೆ ಮೂವತ್ತರ ಆಸುಪಾಸಿನ ವಯಸ್ಸು. ಟೈಲರಮ್ಮನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ನಿಲ್ಲಿಸಿದಾಗ ಬಹಳ ಕೆಳಗಿತ್ತು. ಟ್ರೇ ನೋಡಿದರು. ಮುಖ ಕೆಂಪಾಯಿತು.

"ಹಳೇದು ಬೇಡ ಅಂತ ನಾನು ಬಾಯಲ್ಲಿ ಹೇಳಿದ್ದೆ."

"ಹೇಳಿದ್ರಿ" ಎಂದರು ಸಾಹೇಬರು. "ಇವಳು ನನಗೂ ಹೇಳಿದ್ಲು. ನೀವು ಬರೀಲಿಲ್ಲ, ನಾನು ಕೇಳಲಿಲ್ಲ. ನನ್ನ ತಪ್ಪು ಎರಡು, ನಿಮ್ಮದು ಒಂದು. ನಾನು ಜಗಳಕ್ಕೆ ಬಂದಿಲ್ಲ. ಈಗ ಏನು ಮಾಡೋಣ ಹೇಳಿ."

ಡಾಕ್ಟರು ಹಳೆಯ ಮಾತ್ರೆ ನಿಲ್ಲಿಸಿ ಎಂದು ಬರೆದು ಅಡಿಗೆರೆ ಎಳೆದರು. ವಾರ ಬಿಟ್ಟು ಮತ್ತೆ ಬನ್ನಿ ಎಂದರು. ಹಳೆಯ ಬಿಳಿ ಮಾತ್ರೆಗಳನ್ನೆಲ್ಲ ಸೊಸೆ ಟ್ರೇಯಿಂದ ಆರಿಸಿ ತೆಗೆದಳು. ನಾಲ್ಕನೇ ದಿನಕ್ಕೆ ತಲೆಸುತ್ತು ನಿಂತಿತು. ಎಂಟನೇ ದಿನ ಟೈಲರಮ್ಮ ಶಟರನ್ನು ತಾವೇ ಎತ್ತಿದರು, ಬಲಗೈಯಲ್ಲಿ.

ಐದೂವರೆಯ ವರದಿ ನಿಲ್ಲಲಿಲ್ಲ. ನಿಲ್ಲಿಸೋಣವೇ ಎಂದು ಸಾಹೇಬರೇ ಕೇಳಿದಾಗ ಬೇಡ ಎಂದದ್ದು ಟೈಲರಮ್ಮ. ಆದರೆ ಎಲ್ಲರೂ ಕೂತು, ಚಹಾ ಕುಡಿಯುತ್ತ. ಮೊದಲು ಸಾಹೇಬರು ತಮ್ಮದನ್ನು ಹೇಳಬೇಕು. ಮೊದಲ ದಿನ ಅವರು ಬಹಳ ಯೋಚಿಸಿ, "ನಿನ್ನೆ ಸಕ್ಕರೆ ಡಬ್ಬಿ ಮುಚ್ಚಳ ಸರಿ ಹಾಕಿರಲಿಲ್ಲ" ಎಂದರು. ಟೈಲರಮ್ಮನ ವರದಿ ಹದಿನೇಳು ನಿಮಿಷ ನಡೆಯಿತು. ಮಂಡಿ, ದಿಂಬು, ಮಗನ ಗೊರಕೆ, ಬಚ್ಚಲಿನ ವೇಳಾಪಟ್ಟಿ, ಹತ್ತು ವರ್ಷದ ಹಿಂದೆ ತಮ್ಮ ತಂಗಿಗೆ ಗಂಡ ಅಂದಿದ್ದ ಒಂದು ಮಾತು.

"ಅತ್ತೆ, ನನಗೆ ಬಸ್ಸು" ಎಂದಳು ಸೊಸೆ.

"ಕೂತ್ಕೋ. ಏಳು ವರ್ಷದ್ದು ಬಾಕಿ ಇದೆ."

ಅದರ ಮುಂದಿನ ಭಾನುವಾರ ಸಂಘದ ಸಭೆ. ನಲವತ್ತು ಕುರ್ಚಿ, ಮುಕ್ಕಾಲು ತುಂಬಿತ್ತು. ಮನೆಯವರು ಹಿಂದಿನ ಸಾಲಿನಲ್ಲಿ ಕೂತರು. ಸಾಹೇಬರು ಬರೆದದ್ದನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಸೈನಿಕ ಸಂಸ್ಕೃತಿ ಎಂದರೇನು ಅಂತ ಹೇಳೋಕೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ" ಎಂದು ಶುರು ಮಾಡಿದರು. "ನಾನು ನನ್ನ ಹೆಂಡತಿಗೆ ಇಪ್ಪತ್ತೆರಡು ದಿನ ತಪ್ಪು ಮಾತ್ರೆ ಕೊಟ್ಟೆ."

ಮೂರು ನಿಮಿಷದಲ್ಲಿ ನಡೆದದ್ದನ್ನೆಲ್ಲ ಹೇಳಿದರು, ತಾರೀಖು ಸಮೇತ.

"ಆಜ್ಞೆ ಪಾಲಿಸೋದೇ ನಮ್ಮ ಸಂಸ್ಕೃತಿ ಅಂತ ಬರ್ಕೊಂಡು ಬಂದಿದ್ದೆ. ಆಜ್ಞೆ ಪಾಲಿಸಿಯೇ ಇವಳನ್ನ ಬೀಳಿಸಿದೆ. ಪಕ್ಕದವರ ಜೀವಕ್ಕೋಸ್ಕರ ನನ್ನಿಂದ ತಪ್ಪಾಯ್ತು ಅಂತ ತಕ್ಷಣ ಹೇಳೋದು ಎಲ್ಲಿ ಅಭ್ಯಾಸ ಆಗಿದೆಯೋ ಅಲ್ಲಿ ಸೈನಿಕ ಸಂಸ್ಕೃತಿ ಇದೆ. ನನಗೆ ಇದನ್ನ ಹೇಳಿಕೊಟ್ಟದ್ದು ನನ್ನ ಮಗಳು. ಮಿಕ್ಕದ್ದು ಬೂಟ್ ಪಾಲಿಷ್."

ಮೊದಲ ಸಾಲಿನಲ್ಲಿದ್ದ, ಸೈನ್ಯದ ಉಗ್ರಾಣ ನೋಡಿಕೊಂಡು ನಿವೃತ್ತರಾಗಿದ್ದ ಒಬ್ಬರು ಕೂತಲ್ಲಿಂದಲೇ ಕೂಗಿದರು. "ಬೂಟ್ ಪಾಲಿಷ್ ಬಿಟ್ಟ ದಳ ನಾಳೆ ಬಂದೂಕು ಒರೆಸೋದನ್ನೂ ಬಿಡುತ್ತೆ ಸಾಹೇಬ್ರೇ!"

"ಅದೂ ನಿಜ" ಎಂದರು ಸಾಹೇಬರು. "ನಾನು ಈಗಲೂ ದಿನಾ ಹಾಕ್ತೀನಿ. ಆದ್ರೆ ಬೂಟು ಹೊಳೀತಿದೆ ಅಂತ ಕಾಲು ನೆಟ್ಟಗಿದೆ ಅಂದ್ಕೊಳ್ಳಲ್ಲ."

ಚಪ್ಪಾಳೆ ಬಿತ್ತು. ಉಗ್ರಾಣದವರು ಚಪ್ಪಾಳೆ ತಟ್ಟಲಿಲ್ಲ. ಸಭೆ ಮುಗಿದ ಮೇಲೆ ಅವರೇ ಸಾಹೇಬರನ್ನು ಹುಡುಕಿಕೊಂಡು ಚಹಾದ ಮೇಜಿನ ಬಳಿ ಬಂದರು. ದನಿ ತಗ್ಗಿಸಿ, "ಆ ಡಾಕ್ಟರು ಯಾರು? ಮಾರುಕಟ್ಟೆ ಹಿಂದಿನವರಾ?" ಎಂದು ಕೇಳಿದರು.

"ಹೌದು."

"ನನಗೂ ಹೋದ ತಿಂಗಳು ಮಾತ್ರೆ ಬದಲಾಯಿಸಿದ್ರು. ನಾನೂ ಎರಡೂ ತಗೋತಿದೀನಿ."

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಚಿಕಿತ್ಸಾಲಯಕ್ಕೆ ಹೋದರು. ಡಾಕ್ಟರು ಹೊರಗೆ ಕಾಯುತ್ತಿದ್ದವರನ್ನು ಕ್ಷಮೆ ಕೇಳಿ ಕೂರಿಸಿ, ಎರಡು ತಿಂಗಳ ಚೀಟಿಗಳ ನಕಲು ತೆಗೆಸಿದರು. ನರ್ಸು ಆ ದಿನ ಮತ್ತು ಮರುದಿನ, ಮಾತ್ರೆ ಬದಲಾಯಿಸಿದ್ದ ನಲವತ್ತೊಂದು ಮನೆಗಳಿಗೆ ಫೋನ್ ಮಾಡಿದಳು. ಆರು ಮನೆಗಳಲ್ಲಿ ಎರಡೂ ಮಾತ್ರೆ ನುಂಗುತ್ತಿದ್ದರು.